ಅಚ್ಯುತಯ್ಯ ಪಂಡಿತರ ಗಡಿಗೆ

ರೋಗಿಯ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿ ಕುಳಿತ ಅಚ್ಯುತಯ್ಯ ಪಂಡಿತರನ್ನು ಎಷ್ಟು ಸಲ ನೋಡಿದ್ದೇನೋ ನೆನಪಿಲ್ಲ. ಹನ್ನೊಂದು ವರ್ಷ ಅವರ ಔಷಧಾಲಯದಲ್ಲಿ ಬೇರು ಕುಟ್ಟಿ ಪೊಟ್ಟಣ ಕಟ್ಟಿದವನು ನಾನು. ನಾಡಿ ನೋಡುವಾಗ ಯಾರಾದರೂ ಕೆಮ್ಮಿದರೆ ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆಮೇಲೆ ತಾವೇ ಎದ್ದುಹೋಗಿ ಕೆಮ್ಮಿದವರ ನಾಡಿಯನ್ನೂ ನೋಡುತ್ತಿದ್ದರು.

ಅಂಥವರನ್ನು ನಮ್ಮೂರಿನವರು ಪ್ರೀತಿ ಹೆಚ್ಚಾಗಿ ಪಟ್ಟಣಸಭೆಯ ಯಜಮಾನರನ್ನಾಗಿ ಆರಿಸಿದರು. ನಮ್ಮಲ್ಲಿ ಮತ ಹಾಕುವ ಕ್ರಮ ಸರಳ. ಪರದೆಯ ಹಿಂದೆ ಉಮೇದುವಾರರ ಹೆಸರು ಬರೆದ ಗಡಿಗೆಗಳಿರುತ್ತಿದ್ದವು. ಕೈಗೆ ಕೊಟ್ಟ ಹುಣಸೆಬೀಜವನ್ನು ಬೇಕಾದವರ ಗಡಿಗೆಗೆ ಹಾಕಿ ಬರುವುದು. ಆ ವರ್ಷ ಪಂಡಿತರ ಗಡಿಗೆ ತುಂಬಿ ನೆಲಕ್ಕೆಲ್ಲ ಬೀಜ ಚೆಲ್ಲಿತ್ತು.

ಸಭೆಯಲ್ಲೂ ಅವರು ವೈದ್ಯರೇ. ಕೂಗಾಡುವ ಸದಸ್ಯರನ್ನು ಪೀಠದ ಬಳಿಗೆ ಕರೆದು ಮಣಿಕಟ್ಟು ಹಿಡಿದು ಕಣ್ಣು ಮುಚ್ಚುತ್ತಿದ್ದರು. "ಇದು ನೀವು ಆಡ್ತಿರೋ ಮಾತಲ್ಲ ಸ್ವಾಮಿ, ಪಿತ್ತ ಆಡಿಸ್ತಿರೋದು. ನಾಳೆ ಮಜ್ಜಿಗೆ ಕುಡ್ಕೊಂಡು ಬನ್ನಿ." ಮೂರು ವರ್ಷದಲ್ಲಿ ಚರಂಡಿಗಳಾದವು, ಬಾವಿಗೆ ಕಟ್ಟೆ ಬಂತು, ಬೇಸಿಗೆಯ ವಾಂತಿಭೇದಿ ಊರಿಗೆ ಕಾಲಿಡಲಿಲ್ಲ. ಪಂಡಿತರಿಗೆ ಆ ಕೆಲಸದ ಹುಚ್ಚು ಹಿಡಿದಿತ್ತು. ಆರಿದ ಅನ್ನವನ್ನು ಮುಂದಿಟ್ಟುಕೊಂಡು ಗೊಣಗುತ್ತಿದ್ದವರು ಅವರ ಹೆಂಡತಿ ತುಂಗಮ್ಮ.

ಔಷಧಾಲಯದ ಬಾಗಿಲು ವಾರಕ್ಕೊಮ್ಮೆ ತೆರೆದರೆ ಹೆಚ್ಚು. ನನ್ನ ಅಮ್ಮನಿಗೆ ಉಬ್ಬಸ. ಒಂದು ಮಧ್ಯಾಹ್ನ ಅವಳ ಉಸಿರು ಸಿಕ್ಕಿಕೊಂಡಾಗ ಸಭಾಭವನಕ್ಕೆ ಓಡಿದೆ. ಸಭೆ ಮುಗಿಯುವವರೆಗೆ ಯಜಮಾನರು ಪೀಠ ಬಿಟ್ಟು ಏಳುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ. ಅದು ಊರ ಕಟ್ಟಳೆ. ಅವರು ಬರುವಷ್ಟರಲ್ಲಿ ಅಮ್ಮನ ತುಟಿ ನೀಲಿಗಟ್ಟಿತ್ತು. ಹೇಗೋ ಉಳಿಸಿದರು. "ಇನ್ನೊಂದ್ ಸಲ ಇಷ್ಟು ತಡ ಆದ್ರೆ ನನ್ ಕೈಲೂ ಆಗಲ್ಲ ಕಣಯ್ಯಾ" ಎಂದರು.

ಮತ್ತೆ ಚುನಾವಣೆ ಬಂತು. ಎದುರಾಳಿ ಜವಳಿ ಅಂಗಡಿಯ ಗುರುಪಾದಪ್ಪ. ಒಳ್ಳೆಯ ಮನುಷ್ಯ, ಸ್ವಲ್ಪ ದಡ್ಡ. ನಾನು ಮಾಡಿದ್ದನ್ನು ಈಗ ಹೇಳಿಬಿಡುತ್ತೇನೆ. ಪೊಟ್ಟಣ ಮುಟ್ಟಿಸುವ ನೆಪದಲ್ಲಿ ಮನೆಮನೆಗೂ ಹೋಗಿ, "ನಿಮಗೆ ಪಂಡಿತರು ಬೇಕಾ, ಯಜಮಾನರು ಬೇಕಾ?" ಎಂದು ಕೇಳಿ ಬಂದೆ. ಹೆಚ್ಚು ಹೇಳಬೇಕಾಗಲಿಲ್ಲ. ಎಲ್ಲರ ಮನೆಯಲ್ಲೂ ಒಬ್ಬ ಅಮ್ಮನಿದ್ದಳು.

ಎಣಿಕೆಯ ದಿನ ಪಂಡಿತರ ಗಡಿಗೆಯನ್ನು ಜಮಖಾನದ ಮೇಲೆ ಬೋರಲು ಹಾಕಿದರು. ಒಂದೇ ಒಂದು ಬೀಜ ಬಿತ್ತು. ಅವರು ಸೋಲಲಿ ಎಂದುಕೊಂಡಿದ್ದೆವೇ ಹೊರತು ಹೀಗೆ ಮರ್ಯಾದೆ ಹೋಗಲಿ ಎಂದು ಯಾರೂ ಬಯಸಿರಲಿಲ್ಲ. ಪಾಪ, ಅದೊಂದು ತಾವೇ ಹಾಕಿಕೊಂಡದ್ದು ಎಂದುಕೊಂಡು ಎಲ್ಲರೂ ತಲೆ ತಗ್ಗಿಸಿದರು. ನನಗಂತೂ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಮರುದಿನ ಬೆಳಿಗ್ಗೆ ಔಷಧಾಲಯಕ್ಕೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಪಂಡಿತರು ಒಣಶುಂಠಿ ಆರಿಸುತ್ತ ಕೇಳಿಸಿಕೊಂಡರು.

"ಗೊತ್ತು ಬಿಡಯ್ಯಾ. ನಾನೂ ಗುರುಪಾದಪ್ಪಂಗೇ ಹಾಕ್ದೆ. ಚುನಾವಣೆಗೆ ನಿಲ್ಲಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ. ಬೀಜ ಕೈಗೆ ಬಂದಾಗ ನಿಮ್ಮಮ್ಮನ ಮುಖ ಕಣ್ಮುಂದೆ ಬಂತು."

"ಹಾಗಾದ್ರೆ ಆ ಒಂದು ಬೀಜ?"

"ನಿನ್ನೆಯಿಂದ ಅದನ್ನೇ ಯೋಚ್ನೆ ಮಾಡ್ತಿದೀನಿ."

"ನಾನು ಹಾಕಿದ್ದು" ಎಂದರು ತುಂಗಮ್ಮ. ಕಷಾಯದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನೀನಾ? ಮೂರು ವರ್ಷ ದಿನಾ ಬೈದವಳು ನೀನೇ ಅಲ್ವೇನೇ?"

"ಬೈದೆ. ಬೈಯೋದು ಬೇರೆ. ಊರೋರಿಗೆಲ್ಲ ಅವರವರ ಮನೆ ಯೋಚ್ನೆ. ನಿಮಗೇನು ಬೇಕು ಅಂತ ಒಬ್ರಾದ್ರೂ ನೋಡ್ಬೇಡ್ವಾ?"

ಪಂಡಿತರು ಪಕ್ಕಕ್ಕೆ ಒಂದು ಮಣೆ ಎಳೆದು ಹೆಂಡತಿಯನ್ನು ಕೂರಿಸಿಕೊಂಡರು. ಕೆರೆಯ ನೀರನ್ನು ಪೇಟೆಯವರೆಗೆ ತರಲು ತಾವು ಕಟ್ಟಿಸಬೇಕೆಂದಿದ್ದ ಕಾಲುವೆಯನ್ನು ನೆಲದ ಮೇಲೆ ಶುಂಠಿಯ ತುಂಡುಗಳನ್ನಿಟ್ಟು ತೋರಿಸತೊಡಗಿದರು. ಶುಂಠಿಯ ಸಾಲು ಗಂಧದ ಕಲ್ಲನ್ನು ಸುತ್ತಿಕೊಂಡು ಹೊಸ್ತಿಲಿನವರೆಗೂ ಬಂತು. ಹೊರಗೆ ಜಗಲಿಯ ತುಂಬ ರೋಗಿಗಳು. ಅವತ್ತು ಯಾರೂ ಅವಸರ ಮಾಡಲಿಲ್ಲ.