ಇಳಕಲ್ಲಿಗೆ ಬಂದ ಇಟಲಿಯ ಕೈಪಿಡಿ

ನಾನು ಒಂದು ಕೈಪಿಡಿ. ಕತೆಪುಸ್ತಕವೆಂದು ಆಸೆಪಡಬೇಡಿ. ಕಲ್ಲಿಗೆ ಪಾಲಿಶ್ ಹಾಕುವ ಯಂತ್ರವನ್ನು ಹೇಗೆ ನಡೆಸಬೇಕು, ಹೇಗೆ ನಡೆಸಬಾರದು ಎಂದು ಹೇಳುವ, ನೂರ ಹನ್ನೆರಡು ಪುಟದ, ನೀಲಿ ರಟ್ಟಿನ ಪುಸ್ತಕ ನಾನು. ನನಗೆ ಬರುತ್ತಿದ್ದದ್ದು ಮೂರೇ ಬಗೆಯ ಮಾತು: ಹೀಗೆ ಮಾಡು, ಹಾಗೆ ಮಾಡಬೇಡ, ಎಚ್ಚರ. ಕುಶಲ ಕೇಳುವುದು, ಉಪಚಾರ ಹೇಳುವುದು ನನ್ನ ಯಾವ ಪುಟದಲ್ಲೂ ಇಲ್ಲ. ಮಾತು ಒರಟಾಗಿ ಕೇಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಹುಟ್ಟಿದ್ದು ಉತ್ತರ ಇಟಲಿಯ ಸಣ್ಣ ಊರಿನ ಒಂದು ಅಚ್ಚುಕೂಟದಲ್ಲಿ. ಶಾಯಿಯ ವಾಸನೆ ಹೋಗುವ ಮೊದಲೇ ನನ್ನನ್ನು ಪಕ್ಕದ ಕಾರ್ಖಾನೆಗೆ ಒಯ್ದು ಹೊಸ ಯಂತ್ರದ ಜೊತೆ ಕಟ್ಟಿದರು. ನಮ್ಮಿಬ್ಬರನ್ನೂ ಕೊಂಡವನು ಬ್ರೂನೋ ಎಂಬ ಕಲ್ಲಿನ ವ್ಯಾಪಾರಿ. ಒಳ್ಳೆಯ ಮನುಷ್ಯ. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು ಪುಟ ತಿರುವುವುದೊಂದು ಅವನ ಕೆಟ್ಟ ಚಾಳಿ. ಆದರೆ ಓದದೆ ಒಂದು ಸ್ಕ್ರೂ ತಿರುಗಿಸಿದವನಲ್ಲ. ಹತ್ತೊಂಬತ್ತು ವರ್ಷ ಅವನ ಬಳಿ ಗೌರವದಿಂದ ಬಾಳಿದೆ. ಅವನಿಗೆ ವಯಸ್ಸಾಗಿ ಅಂಗಡಿ ಮುಚ್ಚಿದಾಗ ಯಂತ್ರ ಮಾರಾಟವಾಯಿತು. ನನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸ್ವಿಚ್ ಪೆಟ್ಟಿಗೆಯೊಳಗೆ ಇಟ್ಟದ್ದು ಬ್ರೂನೋನೇ. ಇಡುವಾಗ ರಟ್ಟಿನ ಮೇಲೆ ಒಂದು ಸಲ ಕೈಯಾಡಿಸಿದ.

ಆಮೇಲೆ ಹಡಗು, ಆಮೇಲೆ ಲಾರಿ. ಪೆಟ್ಟಿಗೆಯ ಬಾಗಿಲು ತೆರೆದಾಗ ಕಂಡದ್ದು ಇಳಕಲ್ಲಿನ ಬಿಸಿಲು ಮತ್ತು ಕೆಂಪು ಗ್ರಾನೈಟಿನ ರಾಶಿ. ಸುತ್ತಲೂ ಹೊಸ ಭಾಷೆ. ನಾನು ಮೊದಲು ಕಲಿತ ಕನ್ನಡ ಪದ 'ಹಿಡಿ', ಎರಡನೆಯದು 'ಬಿಡು'. ಅಪ್ಪಣೆಯ ಮಾತುಗಳಾದ್ದರಿಂದ ಬೇಗ ಹತ್ತಿದವು. ನಾನು ಕನ್ನಡ ಕಲಿತೆ, ನಿಜ. ನನ್ನ ಭಾಷೆಯನ್ನು ಅಲ್ಲಿ ಯಾರೂ ಕಲಿಯಲಿಲ್ಲ. ಸೆಕೆಯಾದರೆ ಬೀಸಣಿಗೆಯಾದೆ, ಚಹಾದ ಲೋಟಕ್ಕೆ ತಟ್ಟೆಯಾದೆ. ಒಮ್ಮೆ ಮಿರ್ಚಿ ಭಜಿಯ ಎಣ್ಣೆ ಹೀರಲೆಂದು ನನ್ನ ಕೊನೆಯ ಮೂರು ಹಾಳೆಗಳನ್ನೇ ಹರಿದರು. ಬ್ರೂನೋ ನೋಡಿದ್ದರೆ ಏನೆನ್ನುತ್ತಿದ್ದನೋ.

ಯಂತ್ರ ನಡೆಸುತ್ತಿದ್ದವರು ಅಣ್ಣತಮ್ಮಂದಿರು. ಅಣ್ಣ ಮೌಲಾಸಾಬ, ಆಪರೇಟರ್. ತಮ್ಮ ದಾವಲಸಾಬ, ಫಿಟ್ಟರ್. ತಮ್ಮನಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದವನೇ ಅಣ್ಣ. ಇಬ್ಬರೂ ಏಳನೆಯ ಇಯತ್ತೆ ದಾಟಿದವರಲ್ಲ, ಆದರೆ ಯಂತ್ರದ ಸದ್ದು ಕೇಳಿಯೇ ಅದರ ಹೊಟ್ಟೆನೋವು ಹೇಳುತ್ತಿದ್ದರು. ನಾನೂ ಮನಸ್ಸಿನಲ್ಲೇ ಮೆಚ್ಚುತ್ತಿದ್ದೆ.

ಆದರೆ ಕೆಲವು ಸಂಗತಿ ಸದ್ದು ಮಾಡುವುದಿಲ್ಲ. ಈ ಯಂತ್ರದಲ್ಲಿ ಕಲ್ಲಿನ ಹಲಗೆ ಕೆಳಗೆ ಸರಿಯುತ್ತದೆ, ಮೇಲಿನಿಂದ ತಿರುಗುವ ಭಾರೀ ತಲೆಗಳು ಗಾಳಿಯ ಒತ್ತಡದಿಂದ ಕೆಳಗಿಳಿದು ಉಜ್ಜುತ್ತವೆ. ಗುಂಡಿ ಒತ್ತಿದರೆ ತಿರುಗುವುದು ನಿಲ್ಲುತ್ತದೆ. ಒಳಗಿನ ಗಾಳಿ ಮಾತ್ರ ಹಾಗೇ ಇರುತ್ತದೆ. ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಇಳಿಯುವ ತನಕ ಕೈ ಹಾಕಬಾರದು, ತಲೆ ಕುಸಿಯಬಹುದು. ಇದನ್ನು ನಾನು ದಪ್ಪ ಅಕ್ಷರದಲ್ಲಿ, ಚೌಕಟ್ಟಿನೊಳಗೆ ಹೇಳಿದ್ದೆ. ಒಂದು ಗುರುವಾರ ಮೌಲಾಸಾಬ ಗುಂಡಿ ಒತ್ತಿ, ಯಂತ್ರ ನಿಂತಿತೆಂದು ಸವೆದ ಉಜ್ಜುಗಲ್ಲು ಬದಲಿಸಲು ಬಲಗೈ ಒಳಗಿಟ್ಟ. ನಾನು ಎರಡು ಮಾರು ದೂರದಲ್ಲಿ ಲೋಟದ ಕೆಳಗೆ ಮಲಗಿದ್ದೆ. ಆಸ್ಪತ್ರೆಯಲ್ಲಿ ಅವನ ಕೈಯನ್ನು ಮಣಿಕಟ್ಟಿನವರೆಗೆ ತೆಗೆದರು.

ಎರಡು ತಿಂಗಳ ಮೇಲೆ, ಯಂತ್ರ ತಯಾರಿಸಿದ ಕಂಪನಿಯ ಇಟಲಿಯ ಎಂಜಿನಿಯರ್ ಒಬ್ಬ ದುಭಾಷಿಯ ಜೊತೆ ಊರಿಗೆ ಬಂದ. ನಮ್ಮ ಯಂತ್ರವಿದ್ದ ಶೆಡ್ಡಿಗೂ ಬಂದು, ನಡೆದದ್ದನ್ನು ಕೇಳಿ, ನನ್ನನ್ನು ಎತ್ತಿಕೊಂಡು ನೇರ ಆ ಪುಟ ತೆರೆದು ಬೆರಳಿಟ್ಟ. ದುಭಾಷಿ ಓದಿ ಹೇಳಿದ. ದಾವಲಸಾಬ ನನ್ನನ್ನೇ ದಿಟ್ಟಿಸಿದ.

"ಬರದೈತೇನ್ರಿ ಇದ್ರಾಗ? ಇದರ ಮ್ಯಾಲ ಚಾ ಇಟಗೊಂಡು ಕುಡದೇವ್ರಿ ನಾವು."

ನನಗೆ ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ತಪ್ಪು ನನ್ನದೋ ಅವರದೋ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಎಂಜಿನಿಯರ್ ಹೋಗುವಾಗ ಒಂದು ಮಾತು ಬಿಟ್ಟು ಹೋದ. ಈ ಸುತ್ತಿನ ಯಂತ್ರಗಳಿಗೆಲ್ಲ ಒಬ್ಬ ಫಿಟ್ಟರ್ ಬೇಕು. ಇಟಲಿಯಲ್ಲಿ ಎರಡು ತಿಂಗಳು ತರಬೇತಿ ಕೊಡುತ್ತೇವೆ. ಕಲಿಸುವವರಿಗೆ ಇಟಾಲಿಯನ್ ಬಿಟ್ಟು ಬೇರೆ ಬಾರದು, ಆದ್ದರಿಂದ ಮುಂದಿನ ಡಿಸೆಂಬರಿನ ಭಾಷಾ ಪರೀಕ್ಷೆ ಪಾಸಾಗಿರಬೇಕು. ಆಗದಿದ್ದರೆ ಹೊರಗಿನವರನ್ನು ನೋಡಿಕೊಳ್ಳುತ್ತೇವೆ. ಒಂದೇ ಅವಕಾಶ. ಆಗ ದಾವಲಸಾಬನಿಗೆ ನಲವತ್ತೇಳು.

ತಮ್ಮ ಪರೀಕ್ಷೆಗೆ ಕೂರುತ್ತೇನೆಂದದ್ದು ಅಣ್ಣನಿಗೆ ಹಿಡಿಸಲಿಲ್ಲ. "ಹೋದ ಕೈ ಹೋತು. ಈ ವಯಸ್ನ್ಯಾಗ ಪಾಟಿ ಹಿಡಕೊಂಡು ಸಾಲಿಗಿ ಹೊಂಟಿಯೇನು?"

"ನಿಂದು ಹೋತಣ್ಣಾ. ಉಳದೋರವು ಇನ್ನ ಅದಾವಲ್ಲ," ಎಂದ ತಮ್ಮ.

ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಮೌಲಾಸಾಬ ಶೆಡ್ಡಿಗೆ ಬಂದು, ಎಡಗೈಯಲ್ಲಿ ನನ್ನನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ತಮ್ಮನ ಎದುರು ಕೂತ. ಇಟಾಲಿಯನ್ ಅಕ್ಷರ ಅವನಿಗೆ ತಿಳಿಯದು. ಚಿತ್ರದ ಮೇಲೆ ಬೆರಳಿಟ್ಟು "ಇದಕ್ಕೇನಂತಾರ?" ಎನ್ನುತ್ತಿದ್ದ, ತಮ್ಮ ಮೊಬೈಲಿನಲ್ಲಿ ಹುಡುಕಿ ಕಲಿತದ್ದನ್ನು ಹೇಳುತ್ತಿದ್ದ. ಅಪಾಯಕ್ಕೆ 'ಪೆರೀಕೊಲೊ'. ಕೈಗೆ 'ಮಾನೊ'. ತಮ್ಮ ತಡವರಿಸಿದರೆ ಸಾಕು, ಮೌಲಾಸಾಬ ತಪ್ಪೆಂದು ಗುರುತಿಸುತ್ತಿದ್ದ. ಸುಳ್ಳು ಹೇಳುವವನ ಮುಖ ಓದಲು ಭಾಷೆ ಬೇಕಿಲ್ಲವಲ್ಲ. ಬ್ರೂನೋನ ನಂತರ ನನ್ನ ಪುಟಗಳಿಗೆ ಗಾಳಿ ಆಡಿದ್ದು ಆವತ್ತು. ಅಷ್ಟು ವರ್ಷದ ಸಿಟ್ಟೆಲ್ಲ ಅಲ್ಲಿಗೇ ಇಳಿಯಿತು.

ಪಕ್ಕದ ಊರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಫ್ಲೋರಿನ್ ಎಂಬ ಸನ್ಯಾಸಿನಿ ಇದ್ದರು. ಮಂಗಳೂರು ಕಡೆಯವರು, ಇಪ್ಪತ್ತೆರಡು ವರ್ಷ ಇಟಲಿಯಲ್ಲಿ ರೋಗಿಗಳ ಸೇವೆ ಮಾಡಿ ಬಂದವರು. ಕಲಿಸಿಕೊಡಿ ಎಂದು ದಾವಲಸಾಬ ಕೇಳಿದ್ದಕ್ಕೆ, ಭಾನುವಾರ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಬನ್ನಿ ಎಂದರು. ಅಲ್ಲಿಯವರೆಗೆ ದಾವಲಸಾಬ ನನ್ನಲ್ಲೇ ಕಲಿತು ಅರವತ್ತು ಪುಟ ಮುಗಿಸಿದ್ದ. ಬಲು ಹೆಮ್ಮೆ ಅವನಿಗೆ. ನನಗೂ.

"ಸ್ನೇಹಿತನನ್ನು ಮನೆಗೆ ಕರೆದು ನಾಲ್ಕು ಸಾಲು ಬರೆಯಿರಿ ನೋಡುವ," ಎಂದರು ಸಿಸ್ಟರ್.

ಅವನು ಬೆವರೊರೆಸಿಕೊಂಡು ಬರೆದ. ಮನೆಗೆ ಬಾ. ಬಾಗಿಲನ್ನು ಒಳಕ್ಕೆ ತಳ್ಳು. ಹೊಸ್ತಿಲು, ಎಚ್ಚರ. ಚಹಾ ಬಿಸಿ ಇದೆ, ತಣ್ಣಗಾಗುವವರೆಗೆ ಮುಟ್ಟಬೇಡ.

ಹೆಂಡತಿಯ ಬಗ್ಗೆ ಹೇಳಿ ಎಂದರೆ, "ನನ್ನ ಹೆಂಡತಿ ಬೀಬಿಜಾನ. ದಿನಕ್ಕೆ ಹದಿನಾರು ಗಂಟೆ ನಿರಂತರ ಕೆಲಸ ಮಾಡುತ್ತಾಳೆ. ಅತಿಯಾಗಿ ಬಿಸಿಯಾಗದಂತೆ ನೋಡಿಕೊಳ್ಳಬೇಕು," ಎಂದ.

ಸಿಸ್ಟರ್ ನಗು ತಡೆಯಲಾರದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಂತ ಮಾರಾಯ್ರೆ, ಹೀಗೆ ಮಾತಾಡಿದ್ರೆ ನಿಮಗೆ ಮನೆಯಲ್ಲಿ ಊಟ ಸಿಗ್ತದಾ? ಯಾರ ಹತ್ರ ಕಲಿತದ್ದು ಇದನ್ನು?"

ಅವನು ಚೀಲದಿಂದ ನನ್ನನ್ನು ತೆಗೆದು ಮೇಜಿನ ಮೇಲಿಟ್ಟ. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು. ಸಿಸ್ಟರ್ ನನ್ನನ್ನು ಎರಡು ಪುಟ ಓದಿ ಬದಿಗೆ ಸರಿಸಿ, ನನ್ನಲ್ಲಿಲ್ಲದ್ದನ್ನೆಲ್ಲ ಅವನಿಗೆ ಕಲಿಸಿದರು. ಚೆನ್ನಾಗಿದ್ದೀರಾ, ದಯವಿಟ್ಟು, ನನಗೆ ಸಂತೋಷವಾಯಿತು, ಕೃತಜ್ಞತೆಗೆ 'ಗ್ರಾತ್ಸಿಯೆ'. ಹತ್ತು ತಿಂಗಳ ಭಾನುವಾರಗಳು. ಮೊದಮೊದಲು ಹೊಟ್ಟೆ ಉರಿಯಿತು. ಆಮೇಲೆ ನಾನೂ ಚೀಲದೊಳಗಿಂದ ಕಿವಿಗೊಟ್ಟು ಕಲಿತೆ. ನನ್ನದೇ ಭಾಷೆಯಲ್ಲಿ ಅಷ್ಟು ಮೆತ್ತನೆಯ ಮಾತುಗಳಿವೆ ಎಂದು ತಿಳಿದದ್ದು ಇಳಕಲ್ಲಿನ ಪಕ್ಕದೂರಿನಲ್ಲಿ. ಆ ತಾಯಿಯ ಋಣ ನನ್ನ ಮೇಲೂ ಇದೆ.

ಪರೀಕ್ಷೆ ಬೆಂಗಳೂರಿನಲ್ಲಿ. ಜೊತೆಗಿದ್ದವರೆಲ್ಲ ಅವನ ಮಕ್ಕಳ ವಯಸ್ಸಿನವರು. ಕೇಳುವ, ಓದುವ ಭಾಗಗಳು ಹೇಗೋ ದಾಟಿದವು. ಬರೆಯುವುದರಲ್ಲಿ ಅರ್ಧ ಹಾಳೆ ಖಾಲಿ ಉಳಿಯಿತು. ಉಳಿದದ್ದು ಮಾತಿನ ಪರೀಕ್ಷೆ. ಅದು ಕೈಕೊಟ್ಟರೆ ಎಲ್ಲ ಮುಗಿದಂತೆ. ಸಣ್ಣ ಕೋಣೆ, ಒಬ್ಬ ಇಟಾಲಿಯನ್ ಹೆಂಗಸು. ಚೀಲವನ್ನು ಬಾಗಿಲ ಬಳಿ ಇಡಲು ಹೇಳಿದರು. ಹಾಗಾಗಿ ನಾನೂ ಕೋಣೆಯಲ್ಲಿದ್ದೆ.

"ನಿಮ್ಮ ಮನೆಯವರೊಬ್ಬರ ಬಗ್ಗೆ ಹೇಳಿ," ಎಂದಳು ಆಕೆ.

ಬೀಬಿಜಾನಳ ಮೇಲೆ ಸಿಸ್ಟರ್ ಹನ್ನೆರಡು ಸಾಲು ಬಾಯಿಪಾಠ ಮಾಡಿಸಿದ್ದರು. ಅವನು ಬಾಯಿ ತೆರೆದ. ಒಂದು ಸಾಲೂ ಬರಲಿಲ್ಲ. ಹತ್ತು ತಿಂಗಳ ದುಡಿಮೆ ಕಣ್ಣೆದುರೇ ನೀರುಪಾಲಾಗುತ್ತಿದೆ ಎಂದುಕೊಂಡೆ. ಆಮೇಲೆ ಅವನು ಮೆಲ್ಲಗೆ ಮಾತಾಡಿದ. ಪದಗಳೆಲ್ಲ ನನ್ನವು.

"ನನ್ನ ಅಣ್ಣ. ಅಣ್ಣ ಗುಂಡಿ ಒತ್ತಿದ. ಯಂತ್ರ ನಿಂತಿತು. ಒತ್ತಡ ನಿಂತಿರಲಿಲ್ಲ. ಮುಳ್ಳು ಸೊನ್ನೆಗೆ ಬರುವ ತನಕ ಕೈ ಹಾಕಬಾರದು. ಅಣ್ಣ ಕೈ ಹಾಕಿದ. ಪುಸ್ತಕದಲ್ಲಿ ಬರೆದಿತ್ತು. ಪುಸ್ತಕ ಇಟಲಿಯದು. ಅಣ್ಣ ಇಳಕಲ್ಲಿನವನು."

ಆಕೆ ಪೆನ್ನು ಕೆಳಗಿಟ್ಟಳು. ಕೇಳಿದಳು, "ಈಗ ಆ ಪುಸ್ತಕವನ್ನು ಯಾರು ಓದುತ್ತಾರೆ?"

"ನಾನು. ಎಲ್ಲ ಅರ್ಥವಾಗುವುದಿಲ್ಲ. ದಯವಿಟ್ಟು, ನಾನು ಇನ್ನೂ ಕಲಿಯಬೇಕು."

ಅದರಲ್ಲಿ ಒಂದು ಪದ ಸಿಸ್ಟರದ್ದು. ಚೀಲದ ಕತ್ತಲಲ್ಲಿ ನಾನು ಹಿಗ್ಗಿಹೋದೆ.

ಆರು ವಾರ ಕಳೆದು ಫಲಿತಾಂಶ ಬಂತು. ಬರವಣಿಗೆಯಲ್ಲಿ ಕೂದಲೆಳೆಯ ಅಂತರದಿಂದ ಪಾಸು. ಮಾತಿನಲ್ಲಿ ಒಳ್ಳೆಯ ಅಂಕ. ಸುದ್ದಿ ಕೇಳಿ ಸಿಸ್ಟರ್ ಶಿಲುಬೆಯ ಗುರುತು ಮಾಡಿಕೊಂಡರು. ಬೀಬಿಜಾನ ಹಾಲು ಸಕ್ಕರೆ ಹಂಚಿದಳು. ಮೌಲಾಸಾಬ ತಮ್ಮನ ತಲೆಯ ಮೇಲೆ ಎಡಗೈ ಇಟ್ಟ.

ದಾವಲಸಾಬ ಇಟಲಿಗೆ ಹೋಗಿಬಂದ. ಬಂದವನು ಮಾಡಿದ ಮೊದಲ ಕೆಲಸವೆಂದರೆ ನನ್ನನ್ನು ಸಾಲು ಸಾಲಾಗಿ ಕನ್ನಡಕ್ಕೆ ಇಳಿಸಿದ್ದು. ಕಾಗುಣಿತ ಅಲ್ಲಲ್ಲಿ ತಪ್ಪಿದೆ, ಅರ್ಥ ಎಲ್ಲೂ ತಪ್ಪಿಲ್ಲ. ಮುಖ್ಯವಾದ ಎಚ್ಚರಿಕೆಗಳನ್ನು ತಗಡಿನ ಮೇಲೆ ಬರೆಸಿ ಸುತ್ತಿನ ಹದಿನಾಲ್ಕು ಶೆಡ್ಡುಗಳಲ್ಲಿ ತೂಗುಹಾಕಿದ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಈಗ ನಮ್ಮ ಶೆಡ್ಡಿನ ಮೂಲೆಯ ಕಬ್ಬಿಣದ ಕಪಾಟಿನಲ್ಲಿದ್ದೇನೆ. ರಟ್ಟು ಬಣ್ಣಗೆಟ್ಟಿದೆ, ಬೆನ್ನು ಬಿಟ್ಟಿದೆ. ಯಾರೂ ತೆರೆಯುವುದಿಲ್ಲ. ಮೊದಲೂ ತೆರೆಯುತ್ತಿರಲಿಲ್ಲ, ಆದರೆ ಓದದೆ ಮೂಲೆಗೆ ಬೀಳುವುದು ಬೇರೆ, ಓದಿಸಿಕೊಂಡು ಮೂಲೆ ಸೇರುವುದು ಬೇರೆ. ನನಗೆ ಯಾರ ಮೇಲೂ ದೂರಿಲ್ಲ. ಗ್ರಾತ್ಸಿಯೆ ಎಂಬ ಪದ ಗೊತ್ತಿದ್ದೂ ಹೇಳಲು ಬಾಯಿಲ್ಲವಲ್ಲ ಎಂಬುದೊಂದೇ ಕೊರಗು.

ಮೌಲಾಸಾಬ ಮತ್ತೆ ಕೆಲಸಕ್ಕೆ ಬರುತ್ತಿದ್ದಾನೆ. ಬೆಳಿಗ್ಗೆ ಯಂತ್ರ ಶುರುವಾಗುವ ಮುನ್ನ ಹುಡುಗರಿಗೆ ತಗಡಿನ ಮೇಲಿನದನ್ನು ಓದಿ ಹೇಳುವುದು ಅವನ ಕೆಲಸ. ಸಂಜೆ ಯಂತ್ರ ನಿಂತು, ಮುಳ್ಳು ಸೊನ್ನೆಗೆ ಇಳಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಾನೆ. "ಕೈ ಎತ್ರಪಾ," ಎನ್ನುತ್ತಾನೆ. ಅವನನ್ನು ಸೇರಿಸಿ ಹನ್ನೆರಡು ಮಂದಿ. ಎಣಿಸುತ್ತಾ ಬಂದು, ಕೊನೆಗೆ ತನ್ನದನ್ನೂ ಎತ್ತಿ, "ಇಪ್ಪತ್ಮೂರು," ಎಂದು ಗಟ್ಟಿಯಾಗಿ ಹೇಳಿ ಎಲ್ಲರನ್ನೂ ಮನೆಗೆ ಕಳಿಸುತ್ತಾನೆ.

ಆರು ವರ್ಷವಾಯಿತು. ದಿನಾ ಸಂಜೆ ಕಪಾಟಿನೊಳಗೆ ಉಸಿರು ಬಿಗಿಹಿಡಿದು ಕೇಳುತ್ತೇನೆ. ಇವತ್ತೂ ಇಪ್ಪತ್ಮೂರೇ.