ಎದುರು ಸಾಲು

ಬದು ಮುಟ್ಟಿದವಳೇ ಮಾತಿನಮಲ್ಲಿ ನೀರು ಕುಡಿಯಲಿಲ್ಲ, ಬೆನ್ನು ನೆಟ್ಟಗೆ ಮಾಡಲಿಲ್ಲ. ಪಕ್ಕದ ಸಾಲಿಗೆ ಜರುಗಿ, ಬಂದ ದಿಕ್ಕಿಗೇ ಮುಖಮಾಡಿ ಕುಕ್ಕರುಗಾಲಲ್ಲಿ ಕೂತು ಮತ್ತೆ ಕಳೆ ಕೀಳತೊಡಗಿದಳು. ಆ ಸಾಲು ಅವಳ ಓರಗಿತ್ತಿಯದು. ಓರಗಿತ್ತಿ ಇನ್ನೂ ಈರುಳ್ಳಿ ಹೊಲದ ನಟ್ಟನಡುವೆಯೇ ಇದ್ದಳು. ಮಣಿಕಟ್ಟು ಊದಿಕೊಂಡಾಗಿನಿಂದ ಅವಳ ಕೈ ಓಡುತ್ತಿರಲಿಲ್ಲ.

ಇದಕ್ಕೆ ಆ ಗುಂಪಿನ ಹೆಂಗಸರು ‘ಎದುರು ಹೋಗೋದು’ ಅನ್ನುತ್ತಿದ್ದರು. ಮೊದಲು ಮುಗಿಸಿದವಳು ಹಿಂದೆ ಬಿದ್ದವಳ ಸಾಲನ್ನು ಆಚೆ ತುದಿಯಿಂದ ಕೀಳುತ್ತ ಬರುವುದು, ನಡುವೆ ಎಲ್ಲೋ ಇಬ್ಬರೂ ಕೂಡುವುದು. ಸಾಲು ಯಾರ ಕೈಯಿಂದ ಮುಗಿಯಿತೆಂದು ಮೇಸ್ತ್ರಿ ಕೇಳುತ್ತಿರಲಿಲ್ಲ. ಸಾಲು ಉಳಿಸಿದವಳನ್ನು ಮಾತ್ರ ಮರುದಿನ ಗಾಡಿ ಹತ್ತಿಸುತ್ತಿರಲಿಲ್ಲ.

ತಮಾಷೆಯೆಂದರೆ ಮನೆಯಲ್ಲಿ ಇಬ್ಬರಿಗೂ ಮಾತಿಲ್ಲ. ಸೀದುಹೋದ ಒಂದು ಪಾತ್ರೆಯ ಜಗಳ ಒಲೆಯನ್ನೇ ಎರಡು ಮಾಡಿತ್ತು. ಹೊಸಿಲು ದಾಟಿ ಹೊಲಕ್ಕೆ ಬಂದರೆ ಸಾಕು, ಬಾಯಿಗೆ ಬೀಗವಿಲ್ಲ.

“ಅಕ್ಕಾ! ಒಳ್ಳೆ ಸುದ್ದಿ!” ಸರ್ವೆ ಹುಡುಗಿ ಟೋಪಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ಓಡಿಬಂದಳು.

ಹೊಲದ ಕೂಲಿಯಲ್ಲಿ ಯಾವ ಕೆಲಸ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಅಳೆಯಲು ಪಟ್ಟಣದಿಂದ ಬಂದವಳು ಅವಳು. ಬಂದ ದಿನವೇ ಎಲ್ಲರ ಮುಂದೆ ನಿಂತು, “ನಿಮಗೆ ಬೇರೆ ಉದ್ಯೋಗ ಇದೆಯಾ?” ಎಂದು ಕೇಳಿ ಇಡೀ ಹೊಲವನ್ನು ನಗಿಸಿದ್ದಳು. “ಅದನ್ನ ನಾವು ನಿನ್ನ ಕೇಳ್ಬೇಕು ಕಣಮ್ಮ!” ಎಂದಿದ್ದಳು ಮಾತಿನಮಲ್ಲಿ. “ಉರಿಬಿಸಿಲಲ್ಲಿ ಬಂದು ಕಂಡೋರ ಬೆನ್ನುನೋವು ವಿಚಾರಿಸ್ತೀಯಲ್ಲ, ನಿಂಗೆ ಬೇರೆ ಉದ್ಯೋಗ ಇಲ್ವಾ?” ಹುಡುಗಿ ಒಂದು ಗಳಿಗೆ ಪೆಚ್ಚಾಗಿ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಅಂದಿನಿಂದ ಅವಳು ನಿಂತು ಪ್ರಶ್ನೆ ಕೇಳಿದ್ದಿಲ್ಲ, ಪಕ್ಕದಲ್ಲೇ ಕುಕ್ಕರಿಸುತ್ತಿದ್ದಳು.

ಈಗಲೂ ಹಾಗೇ ಕೂತು ಏದುಸಿರಲ್ಲಿ ಹೇಳಿದಳು. “ಪ್ಯಾಕಿಂಗ್ ಶೆಡ್ಡಲ್ಲಿ ಒಂದು ಜಾಗ ಇದೆ. ನಿಮ್ಮ ಬಗ್ಗೆ ಮ್ಯಾನೇಜರ್ ಹತ್ರ ಮಾತಾಡ್ದೆ. ಕೂರೋಕೆ ಸ್ಟೂಲು, ಮೇಲೆ ಫ್ಯಾನು. ಕೆಲಸ ಇಲ್ಲದ ದಿನಾನೂ ಸಂಬಳ. ಚಿಲಕ ಇರೋ ಪಾಯಿಖಾನೆ, ಅಕ್ಕಾ!”

ಮಾತಿನಮಲ್ಲಿಯ ಕೈ ನಿಂತಿತು. ಚಿಲಕ. ಇಲ್ಲಿ ಒಬ್ಬಳು ಪೊದೆಯ ಮರೆಗೆ ಹೋದರೆ ಇಬ್ಬರು ಕಾವಲು. ಬೆನ್ನು ಒರಗಿಸಲು ಏನೂ ಇಲ್ಲದಿದ್ದರೂ ಸರಿ, ಸ್ಟೂಲು ಅಂದರೆ ಸ್ಟೂಲೇ. ಮೊಣಕಾಲೆರಡೂ ತಮ್ಮಷ್ಟಕ್ಕೆ ತಾವೇ ‘ಹೂಂ’ ಅಂದಂತಾಯಿತು.

“ಇವಳನ್ನೂ ತಗೊಳ್ತಾರಾ?” ಗದ್ದದಿಂದಲೇ ಓರಗಿತ್ತಿಯತ್ತ ತೋರಿಸಿದಳು.

“ಒಬ್ಬರನ್ನೇ. ಕೈ ಚುರುಕಿರ್ಬೇಕಂತೆ.”

“ಅಲ್ಲಿ ಯಾರಾದ್ರೂ ಹಿಂದೆ ಬಿದ್ರೆ?”

“ಒಬ್ಬೊಬ್ಬರಿಗೆ ಒಂದೊಂದು ಮೇಜು, ಅಕ್ಕಾ. ಅವರವರದ್ದು ಅವರವರಿಗೆ.”

ಅಷ್ಟರಲ್ಲಿ ಹತ್ತಿರ ಬಂದಿದ್ದ ಓರಗಿತ್ತಿ ತಲೆ ಎತ್ತದೆಯೇ ಅಂದಳು: “ಹೋಗೇ, ಹೋಗು. ಮನೇಲಿ ನೋಡೋ ಮುಖ ಸಾಲ್ದು ಅಂತ ಇಲ್ಲೂ ನೋಡ್ಬೇಕಾ?”

“ನಾನು ಹೋದ್ರೆ ನಿನ್ನ ಎದುರು ಯಾರು ಬರ್ತಾರಕ್ಕ? ಮೇಸ್ತ್ರಿ ಬರ್ತಾನಾ?”

“ಇವಳು ಬರ್ತಾಳೆ ಬಿಡು, ಸರ್ವೆಯೋಳು.”

“ಇವಳು ಬಂದ್ರೆ ಕಳೆ ಉಳಿಯತ್ತೆ, ಈರುಳ್ಳಿ ಹೋಗತ್ತೆ.”

ಮೂವರೂ ನಕ್ಕರು. ಓರಗಿತ್ತಿಯ ನಗು ಎಲ್ಲರಿಗಿಂತ ಮೊದಲು ಆರಿತು. ಎಡಗೈಯಲ್ಲಿ ಬಲ ಮಣಿಕಟ್ಟನ್ನು ಒತ್ತಿ ಹಿಡಿದು, ಮತ್ತೆ ಕೀಳತೊಡಗಿದಳು.

“ಸಂಜೆಯೊಳಗೆ ಹೇಳ್ಬೇಕು, ಅಕ್ಕಾ,” ಎಂದಳು ಹುಡುಗಿ ಮೆಲ್ಲಗೆ. “ಇಂಥ ಕೆಲಸ ಮತ್ತೆ ಸಿಗಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

“ಗೊತ್ತು ಕಣೇ. ಅದಕ್ಕೇ ಬೈತಿಲ್ಲ.”

“ಹಾಗಾದ್ರೆ ಏನಂತ ಹೇಳ್ಲಿ?”

ಓರಗಿತ್ತಿಯರ ನಡುವೆ ಇನ್ನು ಒಂದು ಮಾರು ಕಳೆ ಉಳಿದಿತ್ತು. ಮಾತಿನಮಲ್ಲಿ ಕೂತಲ್ಲಿಂದಲೇ ಮುಂದಕ್ಕೆ ಜರುಗಿದಳು.

“ಬರಲ್ಲ ಅಂತ ಹೇಳು. ನಂಗೆ ಬೇರೆ ಉದ್ಯೋಗ ಇದೆ.”