ಬಲಗಾಲಿನ ಬುದ್ಧಿ

ಎರಡನೆಯ ಟೈರು ಒಡೆದ ಮೇಲೆ ಫ್ಲೈಯಿಂಗ್ ಕ್ಲಬ್ಬಿನ ಕಮಿಟಿ ಟೀಚರಮ್ಮನಿಗೆ ಒಂದು ಪತ್ರ ಕಳಿಸಿತು. ಪತ್ರ ಬಹಳ ಸಭ್ಯವಾಗಿತ್ತು. ಒಬ್ಬಳೇ ವಿಮಾನ ಹಾರಿಸುವ ಹಂತಕ್ಕೆ ಬರುವ ಮೊದಲು ಮೂರನೆಯ ಟೈರೂ ಹೋದರೆ ವಿದ್ಯಾರ್ಥಿಗಳ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂಬಷ್ಟನ್ನು ಹೇಳಲು ಹನ್ನೊಂದು ಸಾಲು ತೆಗೆದುಕೊಂಡಿತ್ತು. ಟೀಚರಮ್ಮ ಅದನ್ನು ಎರಡು ಸಲ ಓದಿ ಫ್ರಿಜ್ಜಿನ ಮೇಲಿಟ್ಟಳು. ಅತ್ತೆ ಮೂರು ಸಲ ಓದಿದರು.

"ಹಾರೋದು ಚೆನ್ನಾಗಿ ಬರುತ್ತೆ ಅಂದಿದ್ದೆ?"

"ಬರುತ್ತೆ ಅತ್ತೆ."

"ಇಳಿಯೋದೊಂದೇ ತೊಂದರೆ."

"ಹೂಂ."

"ಹಾಗಾದ್ರೆ ಇಳೀಲೇಬೇಡ. ಅಲ್ಲೇ ಇದ್ದುಬಿಡು. ತಿಂಗಳಿಗೊಂದ್ಸಲ ಒಗೆದ ಬಟ್ಟೆ ಕಳಿಸ್ತೀವಿ."

ಗಂಡ ಪೇಪರಿನ ಹಿಂದೆ ನಕ್ಕ. ಅವನದು ಕನ್ನಡಕದಂಗಡಿ. ಮೊದಲ ಟೈರು ಹೋದಾಗಲೇ ಹೆಂಡತಿಯನ್ನು ಅಂಗಡಿಗೆ ಕರೆದೊಯ್ದು, ಸಣ್ಣಕ್ಷರ ದೊಡ್ಡಕ್ಷರ ಎಲ್ಲ ಓದಿಸಿ, ಕಣ್ಣಲ್ಲೇನೂ ದೋಷವಿಲ್ಲ ಎಂದು ತೀರ್ಪು ಕೊಟ್ಟು ತನ್ನ ಪಾಲಿನ ಕರ್ತವ್ಯ ಮುಗಿಸಿದ್ದ.

ದೋಷ ಕಣ್ಣಿನದಲ್ಲ, ಕಾಲಿನದು ಎಂದು ಟೀಚರಮ್ಮನಿಗೂ ಗೊತ್ತಿತ್ತು. ಏಕೆ ಎಂಬುದು ಮಾತ್ರ ಗೊತ್ತಿರಲಿಲ್ಲ. ವಿಮಾನದ ಪೆಡಲಿಗೆ ಎರಡು ಕೆಲಸ. ಕೆಳಭಾಗ ಒತ್ತಿದರೆ ಮೂತಿ ತಿರುಗುತ್ತದೆ. ಮೇಲಿನ ತುದಿ ಒತ್ತಿದರೆ ಆ ಬದಿಯ ಚಕ್ರಕ್ಕೆ ಬ್ರೇಕು ಬೀಳುತ್ತದೆ. ನೆಲ ಮುಟ್ಟುವಾಗ ಬೆರಳು ಮೇಲಿನ ತುದಿಗೆ ಹೋಗಕೂಡದು. ಹೋದರೆ ಚಕ್ರ ತಿರುಗದೆ ಉಜ್ಜಿಕೊಂಡೇ ಸಾಗುತ್ತದೆ, ಟೈರು ಪ್ರಾಣ ಬಿಡುತ್ತದೆ. ಇದು ಮೊದಲ ವಾರದ ಪಾಠ. 'ಹಿಮ್ಮಡಿ ನೆಲಕ್ಕೆ, ಬೆರಳು ಕೆಳಕ್ಕೆ' ಎಂದು ಅವಳು ಚೀಟಿ ಬರೆದು ಕಣ್ಣೆದುರಿಗೇ ಅಂಟಿಸಿಕೊಂಡಿದ್ದಳು. ಆದರೆ ಕಾಲಿಗೆ ಓದು ಬರಬೇಕಲ್ಲ.

ನಲವತ್ತಾರನೆಯ ವಯಸ್ಸಿಗೆ ಇದೇನು ಹುಚ್ಚು ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: "ಇಪ್ಪತ್ತೆರಡು ವರ್ಷ ಕಲಿಸಿದ್ದಾಯ್ತು. ಏನಾದ್ರೂ ಕಲಿಯೋಣ ಅಂತ."

ಪತ್ರ ಬಂದ ಮೂರನೆಯ ದಿನ ಬೆಳಿಗ್ಗೆ ಅವಳು ಕ್ಲಬ್ಬಿನ ಶೆಡ್ಡಿಗೆ ಹೋದಾಗ ಮೆಕ್ಯಾನಿಕ್ಕು ಸತ್ತ ಎರಡು ಟೈರುಗಳನ್ನು ಪಕ್ಕಪಕ್ಕ ಮಲಗಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ. ಅವನನ್ನು ಎಲ್ಲರೂ ನಟ್ಟು ಎನ್ನುತ್ತಿದ್ದರು. ಹಿಂದೆ ನಿಂತಿದ್ದವರು ಅವಳಿಗೆ ಹಾರಾಟ ಕಲಿಸುವ ಕ್ಯಾಪ್ಟನ್. ಅರವತ್ತೊಂದರ ಈ ಮನುಷ್ಯ ಮಾತಿಗೆ ತೆರಿಗೆ ಇದೆಯೇನೋ ಎಂಬಂತೆ ಮಾತಾಡುತ್ತಿದ್ದರು. ಪಾಠ ಹೇಳುವಾಗಲೂ ಕೈ ಕಟ್ಟಿ, ಕಾಲು ಹಿಂದಕ್ಕೆಳೆದುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. "ನೀವು ಕಲಿಸ್ತಿದೀರಾ, ಇಲ್ಲ ಬಸ್ಸಲ್ಲಿ ಕೂತಿದೀರಾ?" ಎಂದು ಟೀಚರಮ್ಮ ಒಮ್ಮೆ ಕೇಳಿಯೇಬಿಟ್ಟಿದ್ದಳು. "ಬಸ್ಸಲ್ಲಿ," ಎಂದಿದ್ದರು.

"ಇಲ್ಲಿ ನೋಡಿ ಮೇಡಂ," ಎಂದ ನಟ್ಟು. "ಎರಡೂ ಬಲಗಡೇದೇ. ಹೆದರಿದೋರು ಎರಡೂ ಕಾಲು ಒತ್ತಿಬಿಡ್ತಾರೆ, ಎರಡೂ ಟೈರು ಒಟ್ಟಿಗೆ ಹೋಗುತ್ತೆ. ನಿಮ್ಮದು ಒಂದೇ ಕಾಲು. ಇದು ಹೆದರಿಕೆ ಅಲ್ಲ, ಅಭ್ಯಾಸ. ಏನ್ ಕೆಲಸ ನಿಮ್ದು?"

"ಕಾರು ಕಲಿಸ್ತೀನಿ. ಡ್ರೈವಿಂಗ್ ಸ್ಕೂಲು."

ನಟ್ಟು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು ಕ್ಯಾಪ್ಟನ್ನರ ಕಡೆ ತಿರುಗಿದ. "ಎಂಟು ತಿಂಗಳಿಂದ ಪಕ್ಕದಲ್ಲೇ ಕೂರ್ತೀರಿ. ಇದು ಗೊತ್ತಿರಲಿಲ್ವಾ?"

"ಟೀಚರಮ್ಮ ಅಂದ್ರು. ಗಣಿತ ಅನ್ಕೊಂಡೆ."

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಸೀಟಿನ ಮುಂದೆ ಇನ್ನೊಂದು ಬ್ರೇಕು ಇರುತ್ತದೆ. ಇಪ್ಪತ್ತೆರಡು ವರ್ಷ ಟೀಚರಮ್ಮನ ಬಲಗಾಲು ಅದರ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ಗಿಡುಗನಂತೆ ತೇಲುತ್ತಿತ್ತು. ಪಕ್ಕದಲ್ಲಿ ಕೂತವರು ಲಾರಿ ನೋಡುವ ಮೊದಲೇ, ಅವರು ನೋಡಲಿಲ್ಲ ಎಂಬುದನ್ನು ಈ ಕಾಲು ನೋಡಿರುತ್ತಿತ್ತು. ತಲೆಯನ್ನು ಕೇಳಿ ಒತ್ತುವ ಪದ್ಧತಿ ಅದಕ್ಕಿರಲಿಲ್ಲ. ಅದರ ದಯೆಯಿಂದ ಊರಿನ ಅರ್ಧಕ್ಕರ್ಧ ಚಾಲಕರು ಕೈಕಾಲು ನೆಟ್ಟಗಿಟ್ಟುಕೊಂಡು ಲೈಸೆನ್ಸ್ ಪಡೆದಿದ್ದರು. ಗಂಡನ ಸ್ಕೂಟರಿನ ಹಿಂದೆ ಕೂತರೂ ಅದು ಸುಮ್ಮನಿರುತ್ತಿರಲಿಲ್ಲ. ಸಿನಿಮಾದಲ್ಲಿ ಕಾರು ಜೋರಾಗಿ ತಿರುಗಿದರೆ ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಒದೆಯುತ್ತಿತ್ತು.

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ," ಎಂದಳು ಟೀಚರಮ್ಮ. "ಹಾಗಾದ್ರೆ ನನ್ನ ಕಥೆ ಮುಗೀತು ಅನ್ನಿ."

ಕ್ಯಾಪ್ಟನ್ ಟೈರುಗಳನ್ನು ನೋಡಿದರು, ಅವಳ ಚಪ್ಪಲಿ ನೋಡಿದರು. ಆಮೇಲೆ, "ವಿಮಾನ ಹೊರಗೆ ತನ್ನಿ. ಹಾರಬೇಡಿ. ಓಡಿಸಿ ಸಾಕು," ಎಂದರು.

ಮೊದಲ ಓಟಕ್ಕೆ ಅವರೂ ಪಕ್ಕದಲ್ಲಿ ಕೂತರು. ರನ್‌ವೇಯ ಅರ್ಧ ದಾಟಿ ವೇಗ ಏರಿದ್ದೇ ತಡ, ವಿಮಾನ ಬಲಕ್ಕೆ ಸೆಳೆಯಿತು. ಕೆಳಗೆ ನೋಡಿದರೆ ಅಪರಾಧಿ ಪೆಡಲಿನ ತುದಿಯ ಮೇಲೇ ಇದ್ದ. ಕ್ಯಾಪ್ಟನ್ ನಿಲ್ಲಿಸಲು ಹೇಳಿ ಇಳಿದು, ಹುಲ್ಲಿನ ಮೇಲೆ ಹೋಗಿ ನಿಂತರು.

"ಈಗ ಒಬ್ಬರೇ. ಮೂರು ಸಲ."

ಅವಳು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಓಡಿಸಿದಳು. ಮೂರು ಸಲವೂ ವಿಮಾನ ದಾರ ಹಿಡಿದಂತೆ ನೆಟ್ಟಗೆ ಓಡಿತು. ಬಲಗಾಲು ತನ್ನ ಪಾಡಿಗೆ ತಾನು ಕೆಳಗೆ ಕೂತಿತ್ತು, ರಜೆಯ ಮೇಲಿರುವ ಪೊಲೀಸಿನವನ ಹಾಗೆ.

ಕ್ಯಾಪ್ಟನ್ ರೆಕ್ಕೆಯ ಹತ್ತಿರ ಬಂದು ಬಾಗಿಲಿಗೆ ಒರಗಿದರು. ಎಂಟು ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಭಾಷಣ ಅದು: "ಪಕ್ಕದಲ್ಲಿ ಯಾರೇ ಕೂರ್ಲಿ, ನಿಮ್ಮ ಕಾಲಿಗೆ ಅವರು ಶಿಷ್ಯರೇ. ಅವರನ್ನ ಕಾಪಾಡೋಕೆ ಹೊರಡುತ್ತೆ. ನನ್ನ ಮೂವತ್ತೈದು ವರ್ಷದ ಸರ್ವೀಸಿಗೂ ಅದು ಮರ್ಯಾದೆ ಕೊಡಲ್ಲ. ಹಾರಾಟದಲ್ಲಿ ನಿಮ್ಮದೇನೂ ತಪ್ಪಿಲ್ಲ. ಹೋಗಿ, ಒಂದು ಸುತ್ತು ಹಾಕ್ಕೊಂಡು ಬನ್ನಿ."

"ಒಬ್ಬಳೇನಾ?"

"ನಾನು ಬಂದ್ರೆ ಟೈರು ಹೋಗುತ್ತೆ."

"ಒಬ್ಬಳೇ ಹೋಗಿಯೂ ಟೈರು ಹೋದ್ರೆ?"

"ಕಮಿಟಿಗೆ ನಾನು ಹೇಳ್ತೀನಿ. ಹೆಸರು ಹೋಗೋದು ಮಾತ್ರ ತಪ್ಪಲ್ಲ."

ಖಾಲಿ ಸೀಟಿನ ಬೆಲ್ಟನ್ನು ಅವರೇ ಬಿಗಿದು, ಬಾಗಿಲು ಹಾಕಿ, ಹಿಂದೆ ನೋಡದೆ ನಡೆದರು. ಹಾಗೆ ಹಿಂದೆ ನೋಡದೆ ಹೋಗುವ ಗುರುವನ್ನು ಟೀಚರಮ್ಮ ಕಂಡಿರಲಿಲ್ಲ. ತಾನಾಗಿದ್ದರೆ ರೆಕ್ಕೆ ಹಿಡಿದುಕೊಂಡು ಓಡಿ ಬರುತ್ತಿದ್ದೆ ಎನ್ನಿಸಿತು.

ಒಬ್ಬರ ಭಾರ ಕಮ್ಮಿಯಾಗಿದ್ದರಿಂದ ವಿಮಾನ ಅವಳು ಎಣಿಸಿದ್ದಕ್ಕಿಂತ ಬೇಗ ನೆಲ ಬಿಟ್ಟಿತು. ಮೇಲೆ ಹೋದ ಮೇಲೆ ಮಾಡುವುದಕ್ಕೆ ಬೇಕಾದಷ್ಟು ಕೆಲಸವಿತ್ತು, ಅದು ಒಳ್ಳೆಯದೇ ಆಯಿತು. ವೇಗ ನೋಡು, ಎತ್ತರ ನೋಡು, ಎಡಕ್ಕೆ ತಿರುಗು, ರೇಡಿಯೋದಲ್ಲಿ ಹೇಳು. "ಹೆದರಬೇಡಿ, ನಾನಿದ್ದೀನಿ," ಎಂದು ದಿನಕ್ಕೆ ಆರು ಜನರಿಗೆ ಹೇಳುವ ಬಾಯಿ ಅದು. ಈಗ ಹೇಳಲು ನೋಡಿದರೆ ಯಾರಿಗೆ ಹೇಳುವುದು ಎಂದು ತಿಳಿಯದೆ ಮುಚ್ಚಿಕೊಂಡಿತು.

ಇಳಿಯುವ ಸರದಿ ಬಂತು. ರನ್‌ವೇ ಅಗಲವಾಗುತ್ತ ಬಂತು, ಬಿಳಿಯ ಗೆರೆಗಳು ದಪ್ಪವಾದವು, ಅಂಚಿನ ಹುಲ್ಲು ಓಡತೊಡಗಿತು. ಪ್ರತಿಸಲ ಕಾಲು ಏಳುತ್ತಿದ್ದ ಜಾಗ ಇದೇ. ಅದು ಏಳಲು ಸಿದ್ಧವಾಗಿದ್ದು ತೊಡೆಯ ನರದಲ್ಲಿ ಅವಳಿಗೆ ಸ್ಪಷ್ಟವಾಗಿ ತಿಳಿಯಿತು. ಒಂದು ಕ್ಷಣ ಕಾಲು ಕಾಯಿತು. ಪಕ್ಕದಿಂದ ಯಾವ ತಪ್ಪೂ ನಡೆಯಲಿಲ್ಲ. ತಪ್ಪು ಮಾಡುವುದಿದ್ದರೆ ಅವಳೇ ಮಾಡಬೇಕಿತ್ತು, ಮತ್ತು ಅವಳಿಗೆ ಹೊತ್ತಿರಲಿಲ್ಲ, ಮೂತಿ ಎತ್ತಬೇಕಿತ್ತು. ಎತ್ತಿದಳು. ಚಕ್ರ ನೆಲ ಮುಟ್ಟಿ, ಕಪ್ಪೆಯಂತೆ ಒಮ್ಮೆ ಕುಪ್ಪಳಿಸಿ, ಮತ್ತೆ ಮುಟ್ಟಿ, ಗಡಗಡ ಉರುಳಿಕೊಂಡು ಹೋಯಿತು. ವೇಗ ಪೂರಾ ಇಳಿದ ಮೇಲೆ ಎರಡೂ ಕಾಲಿಂದ ಮೆಲ್ಲಗೆ ಬ್ರೇಕು ಹಾಕಿದಳು, ಪುಸ್ತಕದಲ್ಲಿ ಬರೆದ ಹಾಗೆ.

ನಟ್ಟು ಓಡಿ ಬಂದು ಮಂಡಿಯೂರಿ ಬಲಟೈರಿನ ಸುತ್ತ ಅಂಗೈ ಆಡಿಸಿದ. "ಕೂದಲು ಕೊಂಕಿಲ್ಲ," ಎಂದ.

ಕ್ಯಾಪ್ಟನ್ ಅವಳ ಹಾರಾಟದ ಲೆಕ್ಕದ ಪುಸ್ತಕದಲ್ಲಿ 'ಒಬ್ಬಳೇ, ಒಂದು ಸುತ್ತು' ಎಂದು ಬರೆದು ಸಹಿ ಹಾಕಿದರು. "ಹೆಸರು ಉಳೀತು. ಇನ್ಮೇಲೆ ಒಡೆದ್ರೆ ಬರೀ ಟೈರು."

ಟೀಚರಮ್ಮ ಸಹಿಯ ಮೇಲೆ ಊದಿ ಒಣಗಿಸಿದಳು. ಕಾಲುಗಳು ಈಗ ನಡುಗತೊಡಗಿದ್ದವು, ಎರಡೂ ಸಮನಾಗಿ. ಆಮೇಲೆ ಕೇಳಿದಳು: "ಲೈಸೆನ್ಸ್ ಪರೀಕ್ಷೆ ದಿನ ಪರೀಕ್ಷೆ ಮಾಡೋರು ಎಲ್ಲಿ ಕೂರ್ತಾರೆ?"

"ಪಕ್ಕದಲ್ಲಿ."

"ಬೇರೆ ಎಲ್ಲೂ ಕೂರಲ್ವಾ?"

"ಬೇರೆ ಸೀಟಿಲ್ಲ."

ಅವಳು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿ, ಪಕ್ಕದ ಬಾಗಿಲು ತೆರೆದು ಹಿಡಿದಳು.

"ಹತ್ತಿ."

"ಯಾರು?"

"ನೀವೇ. ಇದನ್ನೂ ಕಲೀಬೇಕಲ್ಲ. ಕೈ ಕಟ್ಟಿಕೊಂಡು ಕೂತ್ಕೊಳ್ಳಿ ಸಾಕು, ಬಸ್ಸಲ್ಲಿ ಕೂತ ಹಾಗೆ."

ಕ್ಯಾಪ್ಟನ್ ಗಡಿಯಾರ ನೋಡಿದರು, ಆಕಾಶ ನೋಡಿದರು. ಎರಡರಲ್ಲೂ ನೆಪ ಸಿಗಲಿಲ್ಲ. ಹತ್ತಿ ಕೂತು ಬೆಲ್ಟು ಬಿಗಿದುಕೊಂಡರು.

ನಟ್ಟು ಯಾರೂ ಹೇಳದೆಯೇ ಹೊಸ ಟೈರು ತರಲು ಶೆಡ್ಡಿನ ಕಡೆ ನಡೆದ.